ಗರಿ ನೋಡಿ ಬಾಗೆ ಅಂದದ್ದು

ತಪ್ಪು ನನ್ನದೇ. ಬೀಜ ನೋಡಿ ಹೇಳಬೇಕಿತ್ತು, ಎಲೆ ನೋಡಿ ಹೇಳಿದೆ. ನಡೆದದ್ದು ಇಷ್ಟೇ.

ನಾಲ್ಕು ವರ್ಷದ ಹಿಂದೆ ನಾನು ಹೊಸನಗರದ ಹತ್ತಿರ ಒಂದು ಖಾಸಗಿ ನರ್ಸರಿಯಲ್ಲಿ ಕೆಲಸಕ್ಕಿದ್ದೆ. ಓದಿದ್ದು ಮೂರನೇ ಕ್ಲಾಸು. ಆದರೆ ಪಾತಿಯ ಸಸಿ ನೋಡಿ ಇದು ಇಂಥದ್ದು ಅಂತ ನಾನು ಹೇಳಿದರೆ ಮ್ಯಾನೇಜರೂ ಎದುರಾಡುತ್ತಿರಲಿಲ್ಲ.

ಆ ವರ್ಷ ಹೊರಗಿನಿಂದ ಬಂದ ಬೀಜದ ಚೀಲದ ಮೇಲೆ 'ಬಾಗೆ' ಅಂತ ಬರೆದಿತ್ತು, ಗೊಬ್ಬರದ ಸೊಪ್ಪಿಗೆ ಆಗುವ ನಮ್ಮ ಕಡೆಯ ಮರ. ಬಿತ್ತಿದ ದಿನ ನಾನು ರಜೆ. ಮಿಕ್ಕಿದ ಬೀಜ ಡಬ್ಬದಲ್ಲಿತ್ತು, ತೆಗೆದು ನೋಡಲಿಲ್ಲ. ಸಸಿ ಎದ್ದವು, ಹಕ್ಕಿಯ ಗರಿಯಂಥ ನವಿರಾದ ಎಲೆ. ಸಣ್ಣೆಲೆಯ ಬಾಗೆ ಇರಬೇಕು ಅಂದುಕೊಂಡೆ.

ಜೂನ್‌ನಲ್ಲಿ ಕವಲೇದುರ್ಗದ ಕಡೆಯಿಂದ ಗೌರಿ ಸಸಿ ಕೇಳಿಕೊಂಡು ಬಂದಳು. ಅವರ ಕೇರಿಯವರು ಕೊಟ್ಟಿಗೆಗೆ ಸೊಪ್ಪು ತರುವ ಬೆಟ್ಟ ಬೋಳಾಗಿತ್ತು. ಉಳಿದಿದ್ದ ಸೊಪ್ಪಿನ ಬೆಟ್ಟ ಅದೊಂದೇ. ಪಕ್ಕದ ಗುಡ್ಡವನ್ನೆಲ್ಲ ಅಕೇಶಿಯಾ ನುಂಗಿತ್ತು. ಅದರ ಎಲೆ ಹಾಸಿದರೆ ಚರ್ಮದ ಹಾಗೆ ಬಿದ್ದಿರುತ್ತದೆ, ಗೊಬ್ಬರ ಆಗುವುದಿಲ್ಲ.

"ದೇವಕ್ಕ, ಇದು ಅಕೇಶಿಯಾ ಅಲ್ಲ ತಾನೇ? ಆಣೆ ಇಟ್ಟು ಹೇಳು."

"ಆಣೆ ಎಂತಕ್ಕೆ ಮಾರಾಯ್ತಿ? ಅಕೇಶಿಯಾ ನಾಲ್ಕನೇ ಎಲೆಗೇ ಗರಿ ಕಳಚಿ ಚಪ್ಪಟೆ ಎಲೆ ಹಾಕ್ತದೆ. ಇದು ಗೇಣುದ್ದ ಆದ್ರೂ ಗರಿ ಹೊತ್ಕೊಂಡಿದೆ. ಬಾಗೆ ಇದು."

ನನ್ನ ಮಾತಿನ ಮೇಲೆ ಆರುನೂರು ಸಸಿ ಹೋದವು. ಗುಂಡಿ ತೋಡಿದ್ದು ಗೌರಿ ಮತ್ತು ಕೇರಿಯ ಹೆಂಗಸರು.

ಎರಡು ವಾರ ಕಳೆದ ಮೇಲೆ, ಸಾಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ಮೇಡಂ ಒಬ್ಬರು ಗಿಡ ಕೊಳ್ಳಲು ಬಂದರು. ಮಿಕ್ಕಿದ್ದ ಸಸಿಗಳ ಮುಂದೆ ಕೂತು ಒಂದು ಎಲೆ ಎತ್ತಿ ತೋರಿಸಿದರು. ಎಲೆಯ ತೊಟ್ಟು ಚಪ್ಪಟೆಯಾಗಿ ತಾನೇ ಎಲೆಯಾಗಿತ್ತು, ತುದಿಯಲ್ಲಿ ಗರಿ ಇನ್ನೂ ಅಂಟಿಕೊಂಡಿತ್ತು.

"ಬೀಜ ಇದೆಯಾ ಅಮ್ಮ?" ಅಂತ ಕೇಳಿದರು.

ಡಬ್ಬ ತೆಗೆದೆ. ಸಣ್ಣ ಕರಿ ಬೀಜ, ಸುತ್ತ ಕೆಂಪು ದಾರ ಸುತ್ತಿದ ಹಾಗೆ. ಬಾಗೆ ಬೀಜ ಚಪ್ಪಟೆ, ಕಂದು. ದಾರ ಗೀರ ಇರುವುದಿಲ್ಲ. ಅವರು ಹೇಳುವ ಮೊದಲೇ ನನಗೆ ಗೊತ್ತಾಯಿತು.

ಇದು ಬ್ಲ್ಯಾಕ್‌ವುಡ್, ಅಕೇಶಿಯಾದ್ದೇ ಕುಲ, ವ್ಯಾಟಲ್ ಅಂತಾರೆ, ಆಸ್ಟ್ರೇಲಿಯಾದ ಬೆಟ್ಟಕಾಡಿನ ಮರ ಅಂದರು. ನಮ್ಮ ಅಕೇಶಿಯಾ ಬೇಗ ಕಳಚುವ ಗರಿಯನ್ನು ಇದು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತದಂತೆ. ಬೇರು ತುಂಡಾದಲ್ಲಿಂದ ಮತ್ತೆ ಚಿಗುರುತ್ತದಂತೆ. ಅಕೇಶಿಯಾ ಗೊತ್ತಿಲ್ಲದವಳಾಗಿದ್ದರೆ ಡಬ್ಬ ತೆಗೆದು ಬೀಜ ನೋಡುತ್ತಿದ್ದೆ. ಗೊತ್ತಿದ್ದದ್ದೇ ಕೆಡಿಸಿತು.

ಮೇಡಂ ಹೋದ ಮೇಲೆ ಮ್ಯಾನೇಜರು, "ಸುಮ್ನಿರಿ ದೇವಮ್ಮ, ಅವು ಮರ ಆಗೋ ಹೊತ್ತಿಗೆ ನೀವೆಲ್ಲೋ ನಾನೆಲ್ಲೋ" ಅಂದ.

"ಗೌರಿ ಅಲ್ಲೇ ಇರ್ತಾಳೆ" ಅಂದೆ.

ಈ ಕೆಲಸ ನನಗೆ ಕಲಿಸಿದ್ದು ಒಂದೇ: ಎಷ್ಟು ವರ್ಷ ಮಾಡಿದ್ದರೂ ಬೀಜ ಕೈಗೆ ತಗೊಳ್ಳದೆ ಹೆಸರು ಹೇಳಬಾರದು. ಹೇಳಿ ತಪ್ಪಿದರೆ, ಬೇರು ಇಳಿಯುವ ಮೊದಲು ಹೋಗಬೇಕು.

ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಗೌರಿಯ ಬಾಗಿಲಲ್ಲಿ ನಿಂತೆ.

"ನಾನು ಹೇಳಿದ್ದು ತಪ್ಪು. ಅದು ಅಕೇಶಿಯಾದ ತಂಗಿ. ಗುದ್ದಲಿ ಕೊಡು."

"ಆರುನೂರು ಗುಂಡಿ ದೇವಕ್ಕ. ನನ್ನ ಕೈ ನೋಡು."

"ನೋಡ್ದೆ. ಗುದ್ದಲಿ ಕೊಡು."

ಕಾಫಿ ಬೇಕಾ ಅಂತ ಕೇಳಲಿಲ್ಲ. ಗುದ್ದಲಿ ತಂದು ನನ್ನ ಕಾಲ ಬಳಿ ಹಾಕಿದಳು. ನಾನು ಬೆಟ್ಟ ಹತ್ತಿ, ಬೇರು ತುಂಡಾಗದ ಹಾಗೆ ಸುತ್ತ ಬಿಡಿಸಿ, ಮೊದಲನೇ ಗಿಡ ಎತ್ತಿದೆ.