ವೇದಿಕೆಯ ಕೆಳಗೆ ಕೂರುವವರು

ನಮ್ಮ ಅಡುಗೆಮನೆಯ ಗಾಜಿನ ಭರಣಿಗಳನ್ನು ನೀವು ಎಂದಾದರೂ ಬಂದು ನೋಡಬೇಕು. ಸಾಸಿವೆ, ಮೆಂತೆ, ಓಮ, ಧನಿಯ ಎಂದು ನನ್ನ ಹೆಂಡತಿ ದುಂಡಗಿನ ಅಕ್ಷರಗಳಲ್ಲಿ ಬರೆದು ಒಂದೊಂದಕ್ಕೂ ಒಂದೊಂದು ಚೀಟಿ ಅಂಟಿಸಿದ್ದಾಳೆ. ಆ ಚೀಟಿಗಳ ವಿಶೇಷವೆಂದರೆ, ಭರಣಿಯಲ್ಲಿ ಮೆಂತೆ ಕೆಳಗಿಳಿದಂತೆ ಗಾಜಿನ ಒಳಗಿನಿಂದ ಮೊದಲು ನನ್ನ ಹೆಸರು, ಆಮೇಲೆ ಅದರ ಅಡಿಯಲ್ಲಿ ದಪ್ಪಕ್ಷರಗಳಲ್ಲಿ ‘ಉಪಾಧ್ಯಕ್ಷರು, ವಾರ್ಡ್ ಶಾಖೆ’ ಎಂಬುದು ಮೆಲ್ಲಮೆಲ್ಲನೆ ಮೂಡಿಬರುತ್ತದೆ. ಬ್ಯಾಂಕಿನಿಂದ ನಿವೃತ್ತನಾದ ಹುರುಪಿನಲ್ಲಿ ಒಂದು ಪೆಟ್ಟಿಗೆ ತುಂಬ ವಿಸಿಟಿಂಗ್ ಕಾರ್ಡು ಅಚ್ಚು ಹಾಕಿಸಿಕೊಂಡಿದ್ದೆ. ಕೊಟ್ಟದ್ದು ಕೆಲವೇ ಜನರಿಗೆ. ಬೆನ್ನು ಖಾಲಿ ಇರುವ ಮಿಕ್ಕವನ್ನು ದಂಡ ಮಾಡುವುದು ಇವಳ ಜಾಯಮಾನವಲ್ಲ.

ಯಾವ ಪಕ್ಷ ಎಂದು ಕೇಳಬೇಡಿ. ಹೆಸರು ಹೇಳಿಬಿಟ್ಟರೆ ನಿಮ್ಮಲ್ಲಿ ಅರ್ಧ ಜನ ಓದುವುದನ್ನು ಇಲ್ಲಿಗೇ ನಿಲ್ಲಿಸುತ್ತೀರಿ, ಇನ್ನರ್ಧ ಜನ ನನ್ನನ್ನು ಬಯ್ಯುವುದಕ್ಕೆಂದೇ ಕೊನೆಯವರೆಗೆ ಓದುತ್ತೀರಿ. ಈ ಮಹಾನಗರದಲ್ಲಿ ಈಚಿನ ವರ್ಷಗಳಲ್ಲಿ ಒಡೆಯದ ಪಕ್ಷವನ್ನು ಹುಡುಕುವುದೇ ಕಷ್ಟ, ನಮ್ಮದೂ ಒಡೆಯಿತು ಎಂದರೆ ಸಾಕು. ದೊಡ್ಡವರೆಲ್ಲ ಬೆಳಗಾಗುವುದರೊಳಗೆ ಆಚೆಗೆ ಹೋದರು; ಹೋಗುವಾಗ ವಡಾಲದ ನಮ್ಮ ಶಾಖೆಯಿಂದ ಧ್ವಜಸ್ತಂಭ, ಮೈಕು, ಫ್ಯಾನುಗಳನ್ನೂ ಕೊಂಡೊಯ್ದರು. ಉಳಿದದ್ದು ಚಾಳಿನ ನೆಲಮಹಡಿಯ ಒಂದು ಕೋಣೆ, ಒಂದು ಜಮಖಾನ ಮತ್ತು ಸದಾಶಿವಣ್ಣ.

ಸದಾಶಿವಣ್ಣ ಎಂದರೆ ಸ್ಟೇಷನ್ನಿನ ಹತ್ತಿರ ಸಣ್ಣದೊಂದು ಹೋಟೆಲು ಇಟ್ಟುಕೊಂಡಿರುವ ಉಡುಪಿ ಕಡೆಯವರು, ನಮ್ಮ ಶಾಖೆಯ ಅಧ್ಯಕ್ಷರು. ಯೌವನದಲ್ಲಿ ಈ ಶಾಖೆಯನ್ನು ಕಟ್ಟಿದವರೇ ಅವರು. ಎಲ್ಲರೂ ಹೋಗುತ್ತಿರುವುದನ್ನು ಕಂಡು ಅವರ ಎದೆ ಒಡೆದಿತ್ತು. ಇದ್ದವರಾದರೂ ಇರಲಿ ಎಂಬ ಆಸೆಯಿಂದ ಅವರು ಕಂಡಕಂಡವರಿಗೆಲ್ಲ ಹುದ್ದೆ ಹಂಚತೊಡಗಿದರು. ಒಬ್ಬರು ಮುನಿಸಿಕೊಂಡರೆ ಉಪಾಧ್ಯಕ್ಷ, ಇನ್ನೊಬ್ಬರು ಆಚೆ ಕಡೆ ಕಣ್ಣು ಹಾಯಿಸಿದರೆ ಕಾರ್ಯದರ್ಶಿ, ಮತ್ತೊಬ್ಬರು ಏನೂ ಅನ್ನದೆ ಸುಮ್ಮನಿದ್ದರೆ ಆ ಮೌನಕ್ಕೇ ಹೆದರಿ ಸಂಘಟನಾ ಸಂಚಾಲಕ. ನನಗೂ ಹೀಗೆಯೇ ಸಿಕ್ಕಿದ್ದು. ಒಂದು ಸಂಜೆ ಅವರ ಹೋಟೆಲಿನಲ್ಲಿ ಚಹಾ ಕುಡಿಯುತ್ತ ‘ಕಾಲಕ್ಕೆ ತಕ್ಕಂತೆ ನಾವೂ ಯೋಚನೆ ಮಾಡಬೇಕು’ ಎಂದೆ; ನಾನು ಹೇಳಿದ್ದು ಪೆನ್ಶನ್ನಿನ ವಿಚಾರ, ಚಹಾ ಮುಗಿಯುವುದರೊಳಗೆ ನಾನು ಉಪಾಧ್ಯಕ್ಷನಾಗಿದ್ದೆ.

ನಗಬೇಡಿ. ಮನುಷ್ಯನಿಗೆ ಹೆಸರಿನ ಕೆಳಗೊಂದು ಸಾಲು ಬೇಕು. ಬಾಡಿಗೆ ಮನೆಯ ಬಾಗಿಲಲ್ಲೂ ನಾವು ಹೆಸರಿನ ಫಲಕ ತೂಗುಹಾಕುತ್ತೇವೆ. ಲೋಕಲ್ ಟ್ರೇನಿನಲ್ಲಿ ದಿನವೂ ಜೊತೆಗೆ ನಿಲ್ಲುವ ನಾಲ್ವರು ಭಜನೆ ಶುರುಮಾಡಿದರೆ ಮರುವಾರ ಅದಕ್ಕೊಬ್ಬ ಅಧ್ಯಕ್ಷ ಹುಟ್ಟುತ್ತಾನೆ. ಕೋಟಿಗಟ್ಟಲೆ ಜನರ ನಡುವೆ ತಾನೂ ಒಬ್ಬ ಇದ್ದೇನೆ ಎಂದು ಹೇಳಿಕೊಳ್ಳುವ ದಾರಿಗಳಲ್ಲಿ ಅದೂ ಒಂದು. ಆದರೆ ಎಲ್ಲರೂ ಹಿರಿಯರಾಗಿ ಕೂತ ಮದುವೆಮನೆಯಲ್ಲಿ ಬಡಿಸುವವರು ಯಾರು ಎಂಬ ಪ್ರಶ್ನೆ ನಮಗೆ ಹೊಳೆಯಲೇ ಇಲ್ಲ.

ಅದನ್ನು ಹೊಳೆಯಿಸಿದವರು ಜಿಲ್ಲಾ ಕಚೇರಿಯಿಂದ ಬಂದ ವೀಕ್ಷಕರು. ಅವರ ಸ್ವಾಗತಕ್ಕೆಂದು ಮಧ್ಯಾಹ್ನ ಸಭೆ ಇಟ್ಟೆವು. ವೇದಿಕೆಯ ಮೇಲೆ ಎರಡು ಸಾಲು ಕುರ್ಚಿ. ಅಷ್ಟೂ ಪದಾಧಿಕಾರಿಗಳಿಗೆ ಸಾಲದೆ ಇಬ್ಬರು ಜಂಟಿ ಕಾರ್ಯದರ್ಶಿಗಳು ಒಂದೇ ಕುರ್ಚಿಯ ಮೇಲೆ ಅರ್ಧರ್ಧ ಕೂತರು. ಕೆಳಗೆ ಜಮಖಾನದ ಮೇಲೆ ಇದ್ದವರು ಸದಾಶಿವಣ್ಣನ ಹೋಟೆಲಿನ ಅಡುಗೆಯವರು ಮತ್ತು ವೇಟರುಗಳು, ಮಧ್ಯಾಹ್ನದ ಬಿಡುವಿನಲ್ಲಿ ಬಂದವರು. ಎಲ್ಲರ ಹೆಸರು ಹುದ್ದೆ ಸಮೇತ ಓದಿ, ಎಲ್ಲರಿಗೂ ಹಾರ ಹಾಕಿ ಮುಗಿಯುವಷ್ಟರಲ್ಲಿ ಸಂಜೆಯ ದೋಸೆಯ ಹೊತ್ತಾಯಿತು. ವೀಕ್ಷಕರು ‘ಬಂಧುಗಳೇ’ ಎಂದು ಬಾಯಿ ತೆರೆದರು. ಸಭಿಕರೆಲ್ಲ ಎದ್ದು ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೊರಟುಹೋದರು.

ಖಾಲಿ ಜಮಖಾನವನ್ನೇ ನೋಡುತ್ತ ಅವರು ಮರಾಠಿಯಲ್ಲಿ ಕೇಳಿದರು: “ಕಾರ್ಯಕರ್ತೇ ಕುಠೇ ಆಹೇತ?” ಕಾರ್ಯಕರ್ತರು ಎಲ್ಲಿದ್ದಾರೆ? ಒಬ್ಬನೂ ಇರಲಿಲ್ಲ. ಅವರು ಕೋಪಿಸಿಕೊಳ್ಳಲಿಲ್ಲ, ಕೋಪಿಸಿಕೊಂಡಿದ್ದರೆ ಚೆನ್ನಾಗಿತ್ತು. ದೀಪಾವಳಿ ಕಳೆದ ಮೇಲೆ ಮತ್ತೆ ಬರುತ್ತೇನೆ, ಆಗಲೂ ಕೆಳಗಿನವರಿಗಿಂತ ಮೇಲಿನವರೇ ಹೆಚ್ಚಿದ್ದರೆ ಈ ಶಾಖೆಯನ್ನು ಮುಚ್ಚಿ ಪಕ್ಕದ ವಾರ್ಡಿಗೆ ಸೇರಿಸುತ್ತೇವೆ ಎಂದು ಹೇಳಿ ಹೋದರು. ಸದಾಶಿವಣ್ಣ ಆ ಸಂಜೆ ಗಲ್ಲಾದ ಮೇಲೆ ಕೂತು ಗಿರಾಕಿಗಳಿಗೆ ತಪ್ಪುತಪ್ಪು ಚಿಲ್ಲರೆ ಕೊಟ್ಟರು. ಮಕ್ಕಳಿಲ್ಲದ ಅವರಿಗೆ ಆ ಕೋಣೆಯೇ ಬಾಳೆಲ್ಲ ದುಡಿದದ್ದರ ಗುರುತು, ಅದು ನನಗೆ ಗೊತ್ತಿತ್ತು.

ಮರುದಿನದಿಂದ ನಾವಿಬ್ಬರೂ ಮನೆಮನೆ ತಿರುಗತೊಡಗಿದೆವು. ಹಳೆಯ ಅಭ್ಯಾಸ ಬಿಡಬೇಕಲ್ಲ, ಕೈಯಲ್ಲಿ ಆಗಲೂ ಹುದ್ದೆಗಳೇ. ರೈಲ್ವೆ ಗೋಡೆಯ ಪಕ್ಕದ ಗಲ್ಲಿಯಲ್ಲಿ ವಿಜಯಪುರದ ಕಡೆಯವರು ಬಹಳ ಮಂದಿ. ಪವಾಯಿಯ ಎತ್ತರದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತ ಜನ. ಅವರಲ್ಲಿ ಯಲ್ಲವ್ವನ ಮಾತನ್ನು ಗಲ್ಲಿಯ ಹೆಂಗಸರೆಲ್ಲ ಕೇಳುತ್ತಾರೆಂದು ತಿಳಿದು ನೇರ ಆಕೆಯ ಬಾಗಿಲಿಗೆ ಹೋಗಿ, ಮಹಿಳಾ ಘಟಕದ ಉಪಾಧ್ಯಕ್ಷೆ ಮಾಡುತ್ತೇವೆ ಎಂದೆವು. ಆಕೆ ರೊಟ್ಟಿಯ ಹಿಟ್ಟು ನಾದುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ಅದನ್ನ ತಗೊಂಡು ನಾ ಏನ್ ಮಾಡ್ಲಿರಿ, ಅಣ್ಣಾರ? ನಮ್ಮ ಗಲ್ಲಿ ಸಂಡಾಸದ ಲೈಟ್ ಹೋಗಿ ಮಳಿಗಾಲ ಮುಗದು ಹೋತು. ಕತ್ತಲಾತಂದ್ರ ಹೆಣ್ಣುಮಕ್ಕಳು ಮೊಬೈಲ್ ಹಿಡ್ಕೊಂಡು ಹೋಗ್ತಾರ. ಯಾವಾಗರ ಬಂದು ಕೇಳೀರೇನ್ರಿ?”

ವಾಪಸು ಬರುವಾಗ ದಾರಿಯಲ್ಲಿ ಸದಾಶಿವಣ್ಣ ಹೇಳಿದರು: “ಮಾರಾಯ್ರೆ, ನಾನು ಈ ಗಲ್ಲಿಗೆ ಓಟು ಕೇಳ್ಲಿಕ್ಕೆ ಬಂದದ್ದುಂಟು, ಹಾರ ಹಾಕಿಸಿಕೊಳ್ಳಿಕ್ಕೆ ಬಂದದ್ದುಂಟು. ಸುಮ್ಮನೆ ಬಂದದ್ದು ಮಾತ್ರ ಇಲ್ಲ ನೋಡಿ.”

ಆಮೇಲೆ ಸುಮ್ಮನೆ ಹೋಗತೊಡಗಿದೆವು. ಈ ಸುಮ್ಮನೆ ಹೋಗುವುದು ಎಷ್ಟು ಕಷ್ಟದ ಕೆಲಸವೆಂದು ಹುದ್ದೆಯಲ್ಲಿದ್ದವರಿಗೇ ಗೊತ್ತು. ಕರಪತ್ರವಿಲ್ಲದ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಲೈಟಿನ ವಿಷಯಕ್ಕೆ ಮುನಿಸಿಪಾಲಿಟಿಯ ವಾರ್ಡ್ ಆಫೀಸಿಗೆ ನಾವಿಬ್ಬರೇ ಹೋದಾಗ ಅಲ್ಲಿನವರು ಚಹಾ ಕೊಟ್ಟು ಕಳಿಸಿದರು. ಇನ್ನೊಂದು ಸಲ ಯಲ್ಲವ್ವ ಗಲ್ಲಿಯ ಹೆಂಗಸರನ್ನು ಕರೆದುಕೊಂಡು ಜೊತೆಗೆ ಬಂದಳು. ಅಂದು ಚಹಾ ಬರಲಿಲ್ಲ, ಮರುವಾರ ಲೈಟು ಬಂತು. ಆ ಸಂಜೆ ಯಾರೋ ಅದರ ಕೆಳಗೆ ನಮ್ಮ ಪಕ್ಷದ ಬ್ಯಾನರು ಕಟ್ಟೋಣ ಎಂದಾಗ ಸದಾಶಿವಣ್ಣ ಬೇಡವೆಂದರು. ನನಗೆ ಆ ಮನುಷ್ಯನ ಮೇಲಿದ್ದ ಪ್ರೀತಿ ಅವತ್ತು ಗೌರವವೂ ಆಯಿತು.

ಅವರು ಮುಂದಿನ ಹೆಜ್ಜೆ ಇಟ್ಟಾಗ ಮಾತ್ರ ಶಾಖೆಯಲ್ಲಿ ದೊಡ್ಡ ಗಲಾಟೆಯೇ ಆಯಿತು. ಎಲ್ಲರೂ ಹುದ್ದೆ ಬಿಡಬೇಕು, ಮೊದಲು ನಾನು ಬಿಡುತ್ತೇನೆ ಎಂದರು. ಒಬ್ಬ ಉಪಾಧ್ಯಕ್ಷರು, ಮಗಳ ಮದುವೆಯ ಕರೆಯೋಲೆಯಲ್ಲಿ ಹುದ್ದೆ ಅಚ್ಚಾಗಿ ಕಾಂದಿವಲಿಯ ಬೀಗರ ಮನೆಗೂ ತಲುಪಿಬಿಟ್ಟಿದೆ, ಈಗ ಏನು ಮುಖ ತೋರಿಸಲಿ ಎಂದು ಅಳುವುದೊಂದೇ ಬಾಕಿ. ಮದುವೆ ಮುಗಿಯುವವರೆಗೆ ಅವರೊಬ್ಬರಿಗೆ ವಿನಾಯಿತಿ ಸಿಕ್ಕಿತು. ಕೆಲವರು ಸಿಟ್ಟಿನಿಂದ ಎದ್ದುಹೋದರು, ತಿರುಗಿ ಬರಲಿಲ್ಲ. ನಾನು ಮನೆಗೆ ಬಂದು ಕಾರ್ಡಿನ ಪೆಟ್ಟಿಗೆಯನ್ನು ಹೆಂಡತಿಯ ಕೈಗಿಟ್ಟೆ. ಅವಳು ಭರಣಿಗಳನ್ನು ಇಳಿಸಿ ಗೋಂದು ಹುಡುಕಿದಳು.

ವೀಕ್ಷಕರು ಹೇಳಿದಂತೆಯೇ ದೀಪಾವಳಿ ಕಳೆದು ಒಂದು ಭಾನುವಾರ ಬಂದರು. ಈ ಸಲ ವೇದಿಕೆ ಇರಲಿಲ್ಲ; ಅವರಿಗೊಂದು ಕುರ್ಚಿ, ಉಳಿದವರಿಗೆಲ್ಲ ಜಮಖಾನ. ಜನ ಬರುತ್ತಾರೋ ಇಲ್ಲವೋ ಎಂದು ಸದಾಶಿವಣ್ಣ ಬಾಗಿಲಿಗೂ ಬೀದಿಗೂ ಓಡಾಡುತ್ತಿದ್ದರು. ಬಂದರು. ಕಿಕ್ಕಿರಿದು ಬಂದರೆಂದು ಬರೆಯಲು ಕೈ ತುರಿಸುತ್ತಿದೆ, ಆದರೆ ನಿಮ್ಮಲ್ಲಿ ಸುಳ್ಳು ಹೇಳಲಾರೆ. ಯಲ್ಲವ್ವನೂ ಗಲ್ಲಿಯ ಹೆಂಗಸರೂ ಅವರಲ್ಲಿ ಕೆಲವರ ಗಂಡಂದಿರೂ ಚಾಳಿನ ಕೆಲವು ಮರಾಠಿ ಮನೆಗಳವರೂ ಸೇರಿ ಜಮಖಾನ ತುಂಬಿತು, ಒಂದಿಷ್ಟು ಜನ ಬಾಗಿಲಲ್ಲಿ ನಿಂತರು. ಅವರ ನಡುವೆ ಗೋಡೆಗೊರಗಿ ಮಂಡಿ ಮಡಿಸಿ ಕೂತ ಸದಾಶಿವಣ್ಣನನ್ನು ವೀಕ್ಷಕರು ಮೊದಲು ಗುರುತಿಸಲೇ ಇಲ್ಲ.

ಅಧ್ಯಕ್ಷರು ಎಲ್ಲಿ ಎಂದು ಅವರು ಕೇಳಿದರು. ಯಾರೂ ಇಲ್ಲ, ನಾನು ಬಿಟ್ಟಿದ್ದೇನೆ, ನೀವೇ ಯಾರನ್ನಾದರೂ ನೇಮಿಸಿ ಎಂದು ಸದಾಶಿವಣ್ಣ ಕೂತಲ್ಲಿಂದಲೇ ಹೇಳಿದರು. ವೀಕ್ಷಕರ ಕೈ ಜೇಬಿನ ಪೆನ್ನಿಗೆ ಹೋಯಿತು. ಅಷ್ಟರಲ್ಲಿ ಯಲ್ಲವ್ವ ಎದ್ದು ನಿಂತಳು.

“ಅವರ್ಯಾಕ ನೇಮಸ್ತಾರ್ರೀ? ನಾವಿಲ್ಲೇನು?” ಎಂದಳು, ಆಮೇಲೆ ಸದಾಶಿವಣ್ಣನ ಕಡೆ ತಿರುಗಿ, “ಅಣ್ಣಾರ, ನೀವ ಆಗ್ರಿ. ಖರೆ ಒಂದ್ ಮಾತು, ವಾರಕ್ಕೊಮ್ಮೆ ನಮ್ಮ ಗಲ್ಲಿಗೆ ಬರಬೇಕು. ಬರಲಿಲ್ಲಂದ್ರ ಇಳಸ್ತೀವಿ ನೋಡ್ರಿ” ಎಂದು ಕೈ ಎತ್ತಿದಳು.

ಅವಳ ಹಿಂದೆ ಒಂದೊಂದಾಗಿ ಕೈಗಳು ಮೇಲೆದ್ದವು. ಬಳೆಯ ಕೈಗಳು, ಸಿಮೆಂಟಿನಿಂದ ಬಿರಿದ ಕೈಗಳು. ಸದಾಶಿವಣ್ಣ ತಲೆ ಎತ್ತಿ ಅವನ್ನು ನೋಡಿದರು, ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. “ಇಷ್ಟು ವರ್ಷ ಮೇಲಿನಿಂದ ಕಾಗದ ಬರ್ತಿತ್ತು ಮಾರಾಯ್ರೆ,” ಎಂದು ನನ್ನ ಕಿವಿಯಲ್ಲಿ ಹೇಳಿದರು, “ನನ್ನನ್ನು ಬೇಕು ಅಂತ ಯಾರೂ ಕೈ ಎತ್ತಿದ್ದಿಲ್ಲ.”

ಶಾಖೆ ಇರಲಿ ಎಂದು ವೀಕ್ಷಕರು ಮುಖ ಅರಳಿಸಿ ಹೇಳಿದರು. ಮುಂದಿನ ಚುನಾವಣೆಯಲ್ಲಿ ಗೆಲ್ಲುತ್ತೇವೆಯೇ ಎಂದು ನೀವು ಕೇಳಿದರೆ, ಬಹುಶಃ ಇಲ್ಲ. ಆದರೆ ಗೆಲುವಿಗೂ ಮೊದಲು ಪಕ್ಷವೊಂದಕ್ಕೆ ಬೇಕಾದದ್ದು ಆ ಕೋಣೆಯಲ್ಲಿ ಅಂದು ಉಸಿರಾಡುತ್ತಿತ್ತು, ನಾನು ಕಣ್ಣಾರೆ ಕಂಡೆ. ಅಷ್ಟು ಕೈಗಳ ನಡುವೆ ಇನ್ನೂ ಎತ್ತದೆ ಉಳಿದದ್ದು ನನ್ನದೊಂದೇ ಕೈ ಎಂಬುದು ಯಲ್ಲವ್ವ ದುರುಗುಟ್ಟಿ ನೋಡಿದಾಗಲೇ ನನಗೆ ತಿಳಿದದ್ದು. ಆಮೇಲೆ ನಾನು ಎತ್ತಿದ ಕೈಯನ್ನು ಎಲ್ಲರೂ ಇಳಿಸಿದ ಮೇಲೂ ಇಳಿಸಲು ಮನಸ್ಸಾಗಲಿಲ್ಲ.