ಪಕ್ಕದ ಸೀಟಿಲ್ಲದ ಕಾರು

ನಾಚಾರಂನ ನಮ್ಮ ಶೆಡ್ಡಿಗೆ ರಿಪೇರಿ ಕೇಳಿಕೊಂಡು ಬಂದವರು ಗಾಡಿ ತರಲೇಬೇಕೆಂದಿರಲಿಲ್ಲ. ಅಪ್ಪ ನನ್ನನ್ನು ಅವರ ಮನೆಗೆ ಕಳಿಸುತ್ತಿದ್ದ. ನಾನು ಎಂಜಿನ್ನಿನ ಸದ್ದು ಕೇಳಿ ಬಂದು, ಅದನ್ನು ಅವನ ಮುಂದೆ ಬಾಯಲ್ಲೇ ಮಾಡಿ ತೋರಿಸುತ್ತಿದ್ದೆ. ಅಪ್ಪ ಕಣ್ಣು ಮುಚ್ಚಿ ಕೇಳಿ, "ಮೂರನೇದು ಮಿಸ್ ಹೊಡ್ಯಾಕತ್ತೈತಿ, ಪ್ಲಗ್ ತಗೊಂಡು ಹೋಗು" ಎನ್ನುತ್ತಿದ್ದ. ನಾಲ್ಕು ಸಿಲಿಂಡರುಗಳಲ್ಲಿ ಮೂರನೆಯದು ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಹತ್ತನೇ ಕ್ಲಾಸಿನಲ್ಲಿ ಡುಮ್ಕಿ ಹೊಡೆದ ನನಗೆ ಬೇರೆ ವಿದ್ಯೆ ಇರಲಿಲ್ಲ. ಮೇಷ್ಟ್ರ ಕೆಮ್ಮು, ಮೆಹದಿಪಟ್ಟಣಂ ಬಸ್ ಕಂಡಕ್ಟರನ ಕೂಗು, ಅವ್ವನ ಗೊರಕೆ ಎಲ್ಲವೂ ನನ್ನ ಗಂಟಲಲ್ಲಿದ್ದವು. ನನ್ನ ಸ್ವಂತ ದನಿ ಯಾವುದೆಂದು ಮಾತ್ರ ಗೊತ್ತಿರಲಿಲ್ಲ.

ಅಪ್ಪನಿಗೊಂದು ಹುಚ್ಚು. ನೂರು ವರ್ಷದ ಹಿಂದೆ ಸಾಮಾನ್ಯ ಮಂದಿಗೆಂದು ರಾಶಿ ರಾಶಿ ತಯಾರಿಸಿದ ಅಗ್ಗದ ಕಾರೊಂದರ ಎಂಜಿನ್ನು, ಚಾಸಿ, ಗಾಲಿ ಅವನಿಗೆ ಜೀಡಿಮೆಟ್ಲಾದ ಗುಜರಿಯಲ್ಲಿ ಸಿಕ್ಕಿದ್ದವು. ಅದಕ್ಕೆ ಉದ್ದನೆಯ ತಗಡಿನ ಮೈ ಕಟ್ಟಿ, ಆ ಕಾಲದ ಹುಚ್ಚರು ಮಾಡುತ್ತಿದ್ದ ಹಾಗೆಯೇ, ಒಂದೇ ಸೀಟಿನ ರೇಸ್ ಕಾರು ಮಾಡಿದ.

"ನಾ ಎಲ್ಲಿ ಕುಂದರ್ಲಿರಿ?" ಅವ್ವ ಕೇಳಿದಳು.

"ನೀ ಮನ್ಯಾಗ ಕುಂದರು. ನಾ ಗೆದ್ದು ಬರ್ತೀನಿ."

"ಯಾರ್ ಮ್ಯಾಲ ಗೆಲ್ತೀರಿ?" ನಾನು ಅವ್ವನ ದನಿಯಲ್ಲೇ ಕೇಳಿ ಪೆಟ್ಟು ತಿಂದೆ.

ಶೆಡ್ಡಿನ ಹಿಂದಿನ ಬಯಲಲ್ಲಿ ಅದನ್ನು ಒಮ್ಮೆ ತಾನೇ ಓಡಿಸಬೇಕು, ಅವನಿಗೆ ಬೇಕಿದ್ದದ್ದು ಅಷ್ಟೇ. ಬಣ್ಣ ಹೊಡೆಯುವ ಮೊದಲೇ ಅಪ್ಪನಿಗೆ ಲಕ್ವಾ ಹೊಡೆದು ಎಡಭಾಗ ಬಿದ್ದುಹೋಯಿತು. ಮಾತು ತೊದಲಿತು. ಆ ಕಾರಿನಲ್ಲಿ ಗ್ಯಾಸ್ ಕೊಡುವುದು ಕೈಯಿಂದ, ಸ್ಟೇರಿಂಗ್ ಕೆಳಗಿನ ಸಣ್ಣ ಸರಳಿನಲ್ಲಿ. ಗೇರು ಎಡಗಾಲಿನ ಪೆಡಲಿನಲ್ಲಿ. ಅದನ್ನು ಒತ್ತಿ ಹಿಡಿದರೆ ಮಾತ್ರ ಗಾಡಿ ಹೊರಡುತ್ತದೆ. ಬೇರೆ ಕಾರಾಗಿದ್ದರೆ ಪಕ್ಕದಲ್ಲಿ ಕೂತು ನಾನೇ ಒತ್ತುತ್ತಿದ್ದೆ. ಇದಕ್ಕೆ ಪಕ್ಕವೇ ಇರಲಿಲ್ಲ.

ಆದರೂ ಒಂದು ಮಧ್ಯಾಹ್ನ ಹಠ ಹಿಡಿದ. ಅವ್ವ, ನಾನು ಎತ್ತಿ ಕೂರಿಸಿದೆವು. ಅವನ ಎಡಪಾದವನ್ನು ಪೆಡಲಿಗೆ ಹಳೇ ಸೀರೆಯ ಅಂಚಿನಿಂದ ಕಟ್ಟಿದೆ. ಅವ್ವ ಗಾಲಿಯಡಿ ನಿಂಬೆಹಣ್ಣಿಟ್ಟಳು. ನಾನು ಮುಂದೆ ಹೋಗಿ ಹ್ಯಾಂಡಲ್ ತಿರುಗಿಸಿದೆ, ಎಂಜಿನ್ ಎದ್ದಿತು. ಅಪ್ಪ ಹ್ಯಾಂಡ್ ಬ್ರೇಕ್ ಬಿಟ್ಟ. ಕಾಲು ಒತ್ತಲಿಲ್ಲ. ಪೆಡಲ್ ಒತ್ತದೆ ಬಿಟ್ಟರೆ ಅದು ಸೀದಾ ಟಾಪ್ ಗೇರು, ನಿಂತ ಗಾಡಿಯನ್ನು ಎಳೆಯಲಾರದು. ಗಾಡಿ ಒಮ್ಮೆ ಜಗ್ಗಿ ಬಂದ್ ಬಿತ್ತು. ನಿಂಬೆಹಣ್ಣು ಒಡೆಯಲೂ ಇಲ್ಲ.

"ಸಾಕಿನ್ನ, ಇಳೀರಿ" ಅಂದಳು ಅವ್ವ.

ಅಪ್ಪ ಇಳಿಯಲಿಲ್ಲ. ನನ್ನ ಕಡೆ ನೋಡಿ, ಸೊಟ್ಟ ಬಾಯಿಂದ, "ನೀ... ಮಾಡು" ಅಂದ.

ಬಾನೆಟ್ಟಿನ ಪಕ್ಕ ನಿಂತು ಎಂಜಿನ್ನಿನ ಸದ್ದು ಮಾಡಿದೆ. ಅಪ್ಪ ಕಣ್ಣು ಮುಚ್ಚಿ ಬಲಗೈಯಿಂದ ಸರಳು ಎಳೆದ; ಸದ್ದು ಏರಿಸಿದೆ. ಇನ್ನೂ ಎಳೆದ, ಇನ್ನೂ ಏರಿಸಿದೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆ ಕಡೆ ತಿರುಗಿದಳು. ಅವಳನ್ನು ನೋಡಬಾರದಿತ್ತು. ಸದ್ದು ತುಂಡಾಯಿತು. ಮತ್ತೆ ಹಿಡಿದೆ, ಮತ್ತೆ ತುಂಡಾಯಿತು.

ಅಪ್ಪ ಕಣ್ಣು ತೆರೆಯಲಿಲ್ಲ. ತಲೆ ವಾಲಿಸಿ ಕೇಳಿದ. ಆಮೇಲೆ ಒಂದೊಂದೇ ಅಕ್ಷರ ಹೊರಳಿಸುತ್ತ ಅಂದ:

"ಮೂರ...ನೇದು... ಮಿಸ್."