ಸಾಲಿನ ಕೊನೆಗೆ ಏಳುವ ಎಡಗೈ

ಕಳೆದ ತಿಂಗಳು ಆಫೀಸಿನಲ್ಲಿ ನನಗೊಂದು ಲ್ಯಾಪ್‌ಟಾಪ್ ಕೊಟ್ಟರು. ತೆಳ್ಳಗಿದೆ, ಹಗುರವಾಗಿದೆ, ಕೀಲಿಗಳನ್ನು ಒತ್ತಿದರೆ ಒತ್ತಿದ ಹಾಗೇ ಅನ್ನಿಸುವುದಿಲ್ಲ. ದೂರು ಹೇಳುವಂಥದ್ದೇನೂ ಇಲ್ಲ. ಆದರೆ ಮೊದಲ ದಿನ ಒಂದು ಪತ್ರದ ವಿಳಾಸ ಟೈಪ್ ಮಾಡುತ್ತಿದ್ದಾಗ, ಸಾಲು ಮುಗಿಯುತ್ತಿದ್ದಂತೆ ನನ್ನ ಎಡಗೈ ತಾನಾಗಿ ಮೇಲೆದ್ದು ಎಡಮೂಲೆಗೆ ಬೀಸಿ, ಅಲ್ಲಿ ಸಿಕ್ಕ ಕೀಲಿಯನ್ನು ಬಡಿದು ಕೆಳಗಿಳಿಯಿತು. ಹೊಸ ಸಾಲು ಬರಲಿಲ್ಲ. ನಾನು ಕರೆಯದ ಕಿಟಕಿಯೊಂದು ಪರದೆಯ ಮೇಲೆ ತೆರೆದುಕೊಂಡಿತು.

ಪಕ್ಕದ ಮೇಜಿನ ಶೈಲಜಾ ನೋಡುತ್ತಿದ್ದಳು. “ಯಾರಿಗ್ರೀ ಟಾಟಾ ಮಾಡ್ತಿದ್ದೀರಾ?” ಅಂದಳು.

ನಾನು ನಕ್ಕು ಕೈಯನ್ನು ಮಡಿಲಲ್ಲಿಟ್ಟುಕೊಂಡೆ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಸ್ವಭಾವ ನನ್ನದಲ್ಲ. ಅದೂ ಈ ಪ್ರಶ್ನೆಗೆ ಒಂದು ಮಾತಿನ ಉತ್ತರವಿರಲಿಲ್ಲ.

ಟೈಪ್‌ರೈಟರ್ ಕಂಡವರಿಗೆ ಈ ಬೀಸು ಗುರುತು ಸಿಗುತ್ತದೆ. ಸಾಲು ಮುಗಿಯುವಾಗ ಟಿಣ್ ಎಂದು ಗಂಟೆ. ಎಡಗೈ ಮೇಲೆದ್ದು ಅಲ್ಲಿರುವ ಹಿಡಿಯನ್ನು ತಳ್ಳಿದರೆ ಕಾಗದದ ಉರುಳೆ ಕರ್ರನೆ ಸರಿದು ಹೊಸ ಸಾಲಿಗೆ ನಿಲ್ಲುತ್ತದೆ. ತಮಾಷೆಯೆಂದರೆ ನಾನು ಟೈಪ್‌ರೈಟರ್ ಕಲಿತವಳೇ ಅಲ್ಲ. ಈ ಕೈ ನನಗೆ ಬಂದದ್ದು ನಮ್ಮ ಪದ್ಮತ್ತೆಯಿಂದ, ಅದೂ ಕಂಪ್ಯೂಟರಿನ ಮೂಲಕ. ಹೇಗೆಂದು ಹೇಳಲು ಸ್ವಲ್ಪ ಸುತ್ತಬೇಕು. ನಿಮಗೆ ಅವಸರವಿಲ್ಲ ಎಂದುಕೊಂಡಿದ್ದೇನೆ.

ಪದ್ಮತ್ತೆ ನಮ್ಮ ತಂದೆಯ ಅಕ್ಕ. ಮುಳಬಾಗಿಲಿನಲ್ಲಿ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ, ಬಾಡಿಗೆಯ ಉದ್ದನೆ ಕೋಣೆಯೊಂದರಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ನಮ್ಮ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ, ನಾನೂ ಕೇಳಿಲ್ಲ. ಬೆಳಗಿನ ಬ್ಯಾಚಿಗೆ ಕಾಲೇಜಿನ ಹುಡುಗಿಯರು, ಸಂಜೆಯ ಬ್ಯಾಚಿಗೆ ಕೆಲಸ ಹುಡುಕುವ ಹುಡುಗರು. ರಸ್ತೆಯ ತಿರುವಿನಲ್ಲೇ ಆ ಸದ್ದು ಕೇಳಿಸುತ್ತಿತ್ತು, ತಗಡಿನ ಸೂರಿನ ಮೇಲೆ ಯಾರೋ ಹುರಿಗಾಳು ಸುರಿದಂತೆ. ಅತ್ತೆಯ ಪಾಠದಲ್ಲಿ ನಿಯಮ ಒಂದೇ: ಕಣ್ಣು ಎದುರಿನ ಕಾಗದದ ಮೇಲೆ, ಬೆರಳು ತಮ್ಮ ಪಾಡಿಗೆ. ಕದ್ದು ಕೀಲಿ ನೋಡುವವರ ಕೈಗಳ ಮೇಲೆ ಒಂದು ಟವೆಲ್ ಹೊದಿಸಿಬಿಡುತ್ತಿದ್ದರು. “ಕತ್ತಲಲ್ಲಿ ಅನ್ನ ತಿಂದ್ರೆ ತುತ್ತು ಮೂಗಿಗೆ ಹೋಗುತ್ತೇನೋ? ಹೊಡಿ,” ಎನ್ನುತ್ತಿದ್ದರು.

ಅವರ ಎಡಗೈಯಂತೂ ಮನೆಯಲ್ಲೂ ಸುಮ್ಮನಿರುತ್ತಿರಲಿಲ್ಲ. ಒಂದು ಮಾತು ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಗಾಳಿಯಲ್ಲೇ ಒಂದು ಹಿಡಿಯನ್ನು ತಳ್ಳುತ್ತಿದ್ದರು. ಅಪ್ಪ, “ಅಕ್ಕ ಹೊಸ ಪ್ಯಾರಾ ಶುರು ಮಾಡಿದ್ಲು, ಕೂತ್ಕೊಳಿ,” ಎಂದು ನಮ್ಮನ್ನು ನಗಿಸುತ್ತಿದ್ದರು.

ನಾನು ಕೋಲಾರದಲ್ಲಿ ಬಿ.ಎಸ್‌ಸಿ. ಓದುವ ಹೊತ್ತಿಗೆ ಆ ಸದ್ದು ತೆಳುವಾಗಿತ್ತು. ಊರಿನಲ್ಲಿ ಕಂಪ್ಯೂಟರ್ ತರಗತಿಗಳು ಬಂದಿದ್ದವು. ಅತ್ತೆಯ ಮಿಷಿನ್‌ಗಳಲ್ಲಿ ಅರ್ಧಕ್ಕೆ ಮುಸುಕು ಹಾಕಿತ್ತು. ಕೊನೆಗೆ ಅತ್ತೆಯೂ ಹಳೆಯದೊಂದು ಕಂಪ್ಯೂಟರ್ ತಂದು ಕಿಟಕಿಯ ಪಕ್ಕ ಇಟ್ಟರು. ಶ್ರೀನಿವಾಸಪುರದಲ್ಲಿ ಪ್ರೆಸ್ ಇಟ್ಟಿದ್ದ ಮುನಿರಾಜಪ್ಪ ಎಂಬವರು ಹೇಳಿದ್ದರು: “ಲಗ್ನಪತ್ರಿಕೆ ಕಂಪೋಸ್ ಮಾಡಿ ಫ್ಲಾಪೀಲಿ ಕೊಡೋರು ಬೇಕು ಮೇಡಂ. ಗೌನಿಪಲ್ಲಿಯೋರದ್ದು ಒಂದು ಬಂದಿದೆ, ಮಾಡ್ಕೊಡಿ. ಚೆನ್ನಾಗಿ ಬಂದ್ರೆ ಈ ಸಲದ ಮದುವೆಗಳೆಲ್ಲ ನಿಮಗೇ.”

ಅತ್ತೆ ನನ್ನನ್ನು ಕರೆಸಿಕೊಂಡು ಬಹಳ ಸಮಾಧಾನದಿಂದಲೇ ಹೇಳಿದರು: “ಇದೂ ನನ್ನ ಕೈಗೆ ಬಗ್ಗಲಿಲ್ಲ ಅಂದ್ರೆ ಮಿಷಿನ್‌ಗಳನ್ನ ಗುಜರಿಯೋನಿಗೆ ಹಾಕಿ, ಬೀಗದಕೈ ಓನರ್‌ಗೆ ಕೊಟ್ಟು ನಿಮ್ಮಪ್ಪನ ಮನೇಲಿ ತರಕಾರಿ ಹೆಚ್ಚಿಕೊಂಡು ಇರ್ತೀನಿ ಕಣೇ.” ತರಕಾರಿ ಎನ್ನುವಾಗ ಅವರ ಎಡಗೈ ಏಳಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೆ.

ಕಂಪ್ಯೂಟರ್ ಪೇಪರಿನಲ್ಲಿ ಒಳ್ಳೆಯ ಅಂಕ ಬಂದಿದ್ದ ನಾನು ಇದೆಲ್ಲ ಒಂದು ಗಂಟೆಯ ಕೆಲಸ ಎಂದುಕೊಂಡು ಕೂತೆ. ಆ ತಂತ್ರಾಂಶದಲ್ಲಿ ಕೀಬೋರ್ಡ್ ವಿನ್ಯಾಸಗಳ ಒಂದು ಸಾಲೇ ಇತ್ತು. ‘ಟೈಪ್‌ರೈಟರ್’ ಎಂದು ಬರೆದಿದ್ದನ್ನೇ ಆರಿಸಿ, “ಹೊಡೀರಿ ಅತ್ತೆ,” ಅಂದೆ. ಅತ್ತೆ ಕಾಗದ ನೋಡಿಕೊಂಡು ಗಾಳಿಯಂತೆ ಹೊಡೆದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿದರು.

“ಇದು ಯಾವ ದೇಶದ್ದೇ?”

ಅವರ ಮಿಷಿನ್ನಿನಲ್ಲಿ ಒತ್ತಕ್ಷರಗಳಿದ್ದ ಜಾಗವೇ ಬೇರೆ, ಇದರಲ್ಲಿ ಬೇರೆ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು. ಮೂರು ಭಾನುವಾರ ನಾನು ಮುಳಬಾಗಿಲಿನ ಬಸ್ ಹತ್ತಿದೆ. ಕೊನೆಗೆ ದಾರಿ ತೋರಿಸಿದವರು ಅತ್ತೆಯೇ. ‘ಕೆ’ ಒತ್ತಿದರೆ ಕ, ‘ಎಂ’ ಒತ್ತಿದರೆ ಮ ಬರುವ ವಿನ್ಯಾಸವೊಂದನ್ನು ನಾನು ಸುಮ್ಮನೆ ತೋರಿಸಿದಾಗ, “ಓ, ಇಂಗ್ಲಿಷ್ ಕೈಯಲ್ಲಿ ಕನ್ನಡ ಹೊಡೆಯೋದು ತಾನೆ? ಅದನ್ನ ಮೊದಲೇ ಹೇಳಬಾರದಾ?” ಅಂದರು. ಎರಡೂ ಭಾಷೆಯ ಟೈಪಿಂಗ್ ಸೀನಿಯರ್ ಪರೀಕ್ಷೆ ಪಾಸಾದ ಬೆರಳುಗಳು. ಒಂದು ವಾರದಲ್ಲಿ ಕಲಿತುಬಿಟ್ಟವು. ಪರದೆಯನ್ನು ಮಾತ್ರ ನೋಡಲೊಲ್ಲರು. ಕಣ್ಣು ಕಾಗದದ ಮೇಲೆ.

ಗೌನಿಪಲ್ಲಿಯ ಲಗ್ನಪತ್ರಿಕೆ ಒಂದೇ ಬೀಸಿಗೆ ಮುಗಿಯಿತು. ತಿದ್ದುವುದಕ್ಕೂ ಇನ್‌ಸ್ಟಿಟ್ಯೂಟಿನ ಪದ್ಧತಿಯೇ: ಟೈಪಾದದ್ದನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲಪ್ರತಿಯ ಮೇಲೆ ಬೆರಳಿಟ್ಟು ಕೇಳಬೇಕು. ಅತ್ತೆ ಪರದೆ ನೋಡಿ ಓದಿದರು, ನಾನು ಕಾಗದದ ಮೇಲೆ ಬೆರಳಾಡಿಸಿದೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ವಧುವಿನ ತಾತನ ಹೆಸರು, ಛತ್ರದ ವಿಳಾಸ, ಮುಹೂರ್ತ, ಎಲ್ಲ ಸರಿ. ಅತ್ತೆ ಕಾಫಿಗೆ ನೀರಿಟ್ಟರು. ನಾನು ಪ್ರಿಂಟ್ ಕೊಟ್ಟು ಬಟ್ಟಲು ತೊಳೆಯಲು ಹೋದೆ.

ಅಷ್ಟರಲ್ಲಿ ಮುನಿರಾಜಪ್ಪ ಬಂದರು, ಜೊತೆಯಲ್ಲಿ ಹುಡುಗಿಯ ತಂದೆ ವೆಂಕಟರಾಯಪ್ಪ. ಮಾವಿನ ತೋಟದವರು, ದೊಡ್ಡ ದನಿ. ಮುನಿರಾಜಪ್ಪ ಪ್ರಿಂಟ್ ಎತ್ತಿಕೊಂಡು ಹತ್ತಿರ ಹಿಡಿದರು, ದೂರ ಹಿಡಿದರು.

“ಮೇಡಂ, ನಾನು ವೇಮಗಲ್ ಕಡೆಯೋನು, ಕನ್ನಡ ಬಿಟ್ಟು ಬೇರೆ ಗೊತ್ತಿಲ್ಲ. ನನಗೆ ಇದು ಓದಕ್ಕೇ ಬರ್ತಿಲ್ವಲ್ಲ?”

ವೆಂಕಟರಾಯಪ್ಪ ಇಣುಕಿದರು. “ರೀ, ಇದು ಮನ ತೆಲುಗು ಕದಾ!”

ಹೌದು. ಮೇಲಿನ ದೇವರ ಹೆಸರೊಂದು ಕನ್ನಡದಲ್ಲಿತ್ತು. ಮಿಕ್ಕಿದ್ದೆಲ್ಲ ತೆಲುಗು ಅಕ್ಷರ. ಮಾತು ಕನ್ನಡವೇ, ಲಿಪಿ ಮಾತ್ರ ತೆಲುಗು. ಅತ್ತೆ ಚಿಕ್ಕಂದಿನಲ್ಲಿ ಅಜ್ಜಿಯ ಮನೆಯಲ್ಲಿದ್ದು ಗಡಿಯಾಚೆ ಆಂಧ್ರದ ಪುಂಗನೂರಿನ ಶಾಲೆಯಲ್ಲಿ ಓದಿದವರು. ಅವರ ಕಣ್ಣಿಗೆ ಎರಡು ಲಿಪಿಯೂ ಒಂದೇ ಮನೆಯ ಎರಡು ಬಾಗಿಲು. ಯಾವುದರಲ್ಲಿ ಹೋಗುತ್ತಿದ್ದೇನೆಂದು ನೋಡದೆ ಸರಾಗವಾಗಿ ಓದಿಕೊಂಡು ಹೋಗಿದ್ದರು. ನಾನು ಕಾಗದ ನೋಡುತ್ತಿದ್ದೆ, ಕಿವಿಗೆ ಎಲ್ಲವೂ ಸರಿಯಾಗಿ ಬೀಳುತ್ತಿತ್ತು.

ಅತ್ತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಜನರ ತಪ್ಪಿಗೆ ಟವೆಲ್ ಹೊದಿಸಿದವರು. ಮೊಳೆಗೆ ನೇತುಹಾಕಿದ್ದ ಬೀಗದಕೈಯ ಕಡೆ ಒಮ್ಮೆ ನೋಡಿದರು. ನಾನೂ ನೋಡಿದೆ.

ವೆಂಕಟರಾಯಪ್ಪ ಮಾತ್ರ ಪತ್ರಿಕೆಯನ್ನು ಮೊದಲಿನಿಂದ ಕೊನೆವರೆಗೆ ಗಟ್ಟಿಯಾಗಿ ಓದಿ ತೊಡೆ ತಟ್ಟಿಕೊಂಡರು. “ಎಂಥ ಕೆಲಸ ಮಾಡಿದ್ರಮ್ಮಾ! ನಮ್ಮ ಮನೆಯೋಳ ಕಡೆಯೋರೆಲ್ಲ ಆ ಕಡೆ, ಮದನಪಲ್ಲಿ. ಕನ್ನಡ ಆಡಿದ್ರೆ ತಿಳೀತೈತೆ, ಬರೆದ್ರೆ ತಿಳಿಯಲ್ಲ. ಪತ್ರಿಕೆ ಕೊಟ್ಟಾಗೆಲ್ಲ, ‘ಏಮಿ ಬಾವಾ, ಮೇಮು ಚದವಲೇನಿ ಪತ್ರಿಕಾ’ ಅಂತ ಚುಚ್ತಾರೆ, ನಮಗೆ ಓದಕ್ಕಾಗದ ಪತ್ರಿಕೆ ಕೊಟ್ಯಲ್ಲ ಅಂತ. ಇದು ಅವರಿಗಿರ್ಲಿ. ಬೀಗರು ಮಾಸ್ತಿಯೋರು, ಅವರಿಗೆ ಕನ್ನಡದ್ದು. ಆಗ್ತದಾ?”

ಆ ತಂತ್ರಾಂಶದಲ್ಲಿ ಕನ್ನಡ, ತೆಲುಗು ಎರಡೂ ಅದೇ ಕೀಲಿಗಳಲ್ಲಿ ಬರುತ್ತಿದ್ದವು. ನಾನು ತೆಲುಗಿನ ಸಾಲುಗಳನ್ನೆಲ್ಲ ಆಯ್ದುಕೊಂಡು ಭಾಷೆ ಬದಲಿಸುವ ಕೀಲಿ ಒತ್ತಿದೆ. ತೆಲುಗಿನ ತಲೆಕಟ್ಟುಗಳೆಲ್ಲ ಒಮ್ಮೆ ತಲೆ ತಗ್ಗಿಸಿದಂತೆ ಮಾಡಿ ಕನ್ನಡವಾದವು. ಮುನಿರಾಜಪ್ಪ ಬಾಯಿ ತೆರೆದು ನೋಡಿದರು. “ಮೇಡಂ, ಗಡಿ ಕಡೆ ಮದುವೆಗೆಲ್ಲ ಇದನ್ನೇ ಹೇಳ್ತೀನಿ,” ಅಂದರು.

ಅವರು ಹೋದ ಮೇಲೂ ಅತ್ತೆ ನಗಲಿಲ್ಲ. “ಅವರಿಗೆ ಒಪ್ಪಿಗೆಯಾಯ್ತು ಸರಿ. ಅದು ಹೇಗೆ ತೆಲುಗಾಯ್ತು ಹೇಳು.”

“ಇನ್ನೊಂದು ಸಲ ಹೊಡೀರಿ ಅತ್ತೆ, ನಾನು ನೋಡ್ತೀನಿ.”

ನಾನು ಪರದೆ ಬಿಟ್ಟು ಕೈ ನೋಡಿದೆ. ಮೊದಲ ಸಾಲು ಮುಗಿಯಿತು. ಬಲಗೈ ಹೊಸ ಸಾಲಿನ ಕೀಲಿ ಒತ್ತಿತು. ಅದರ ಜೊತೆಗೇ ಎಡಗೈ ಇಲ್ಲದ ಹಿಡಿಯನ್ನು ತಳ್ಳಲು ಮೇಲೆದ್ದಿತು. ಹೆಚ್ಚಿನ ಸಲ ಬರೀ ಗಾಳಿಗೆ ಬೀಸುತ್ತಿತ್ತು. ತುಸು ತಗ್ಗಿದರೆ ಕಿರುಬೆರಳು ಎಡಮೂಲೆಯ ಎಫ್-೨ಕ್ಕೆ ತಾಗುತ್ತಿತ್ತು. ಭಾಷೆ ಬದಲಿಸುವ ಕೀಲಿ ಅದೇ.

“ಈ ಕೈಯನ್ನ ಕಟ್ಟಿಹಾಕಬೇಕು,” ಅಂದರು ಅತ್ತೆ, ಅದನ್ನು ಇನ್ನೊಬ್ಬರ ಕೈಯಂತೆ ನೋಡುತ್ತಾ.

ನಾನು ಕೀಲಿಗಳ ಪಟ್ಟಿ ತೆರೆದೆ. ಭಾಷೆ ಬದಲಿಸುವುದನ್ನು ಬಲತುದಿಯ ಒಂದು ಕೀಲಿಗೆ ಕಳಿಸಿದೆ. ಎಫ್-೨ಕ್ಕೆ ‘ಹೊಸ ಸಾಲು’ ಎಂದು ಕೊಟ್ಟೆ. “ಇನ್ಮೇಲೆ ಬಲಗೈಯಲ್ಲಿ ಒತ್ತಬೇಡಿ. ಎಡಗೈ ಎಲ್ಲಿಗೆ ಹೋಗುತ್ತೋ ಹೋಗಲಿ, ಕಿರುಬೆರಳು ಈ ಕೀಲಿಗೆ ತಾಗಿದ್ರೆ ಸಾಕು.”

ಅತ್ತೆ ಹೊಡೆದರು. ಸಾಲು ಮುಗಿಯಿತು, ಎಡಗೈ ಎದ್ದು ಬೀಸಿತು, ಪರದೆಯ ಮೇಲೆ ಮಿನುಗುವ ಗೆರೆ ಕೆಳಗಿನ ಸಾಲಿಗೆ ಬಂದು ಕಾದು ನಿಂತಿತು. ಅವರು ಇನ್ನೊಮ್ಮೆ ಬೀಸಿದರು. ಮತ್ತೊಮ್ಮೆ. ಖಾಲಿ ಸಾಲುಗಳು ಒಂದರ ಕೆಳಗೊಂದು ಬರುತ್ತಲೇ ಇದ್ದವು. ಆಗ ನಕ್ಕರು.

“ಗಂಟೆಯೊಂದು ಇಲ್ಲ ನೋಡು.”

“ಟಿಣ್,” ಅಂದೆ ನಾನು. ಅಷ್ಟು ಚೇಷ್ಟೆ ನನ್ನಿಂದ ಅವರು ನಿರೀಕ್ಷಿಸಿರಲಿಲ್ಲ, ನಾನೂ.

ಬೀಗದಕೈ ಮೊಳೆಯಲ್ಲೇ ಉಳಿಯಿತು. ಎಂ.ಎಸ್‌ಸಿ. ಮುಗಿಯುವವರೆಗೂ ರಜೆಗಳಲ್ಲಿ ನಾನು ಆ ಕಿಟಕಿಯ ಪಕ್ಕ ಕೂತು ಅತ್ತೆಗೆ ನೆರವಾದೆ, ಅದೇ ಕೀಬೋರ್ಡಿನಲ್ಲಿ, ಅದೇ ಎಫ್-೨ ಒತ್ತುತ್ತಾ. ಈಗಲೂ ಅವರು ಮುಳಬಾಗಿಲಿನಲ್ಲೇ ಇದ್ದಾರೆ, ಎರಡು ಲಿಪಿಯ ಪತ್ರಿಕೆ ಮಾಡುತ್ತಾರೆ. ತಿದ್ದುವಾಗ ಮಾತ್ರ ಓದುವುದಕ್ಕೆ ಮುಂಚೆ, “ಮೊದಲು ಬಾಗಿಲು ಯಾವುದು ನೋಡು,” ಎನ್ನುತ್ತಾರಂತೆ.

ಮೊದಲ ದಿನ ಈ ಅಭ್ಯಾಸ ಬಿಡಬೇಕೆಂದುಕೊಂಡಿದ್ದೆ. ನಿನ್ನೆ ಊಟದ ಬಿಡುವಿನಲ್ಲಿ ಕೂತು ಹೊಸ ಲ್ಯಾಪ್‌ಟಾಪಿನ ಎಫ್-೨ಕ್ಕೆ ಹೊಸ ಸಾಲನ್ನು ಕೊಟ್ಟೆ. ಸಂಜೆ ಪತ್ರವೊಂದನ್ನು ಟೈಪ್ ಮಾಡುವಾಗ ಕೈ ಎದ್ದಿತು, ಬೀಸಿತು. ಸಾಲು ಮುಂದಕ್ಕೆ ಹೋಯಿತು.

“ಮತ್ತೆ ಟಾಟಾ?” ಅಂದಳು ಶೈಲಜಾ. “ಇವತ್ತಾದ್ರೂ ಹೇಳ್ರೀ, ಯಾರಿಗೆ?”

“ನಮ್ಮತ್ತೆಗೆ,” ಅಂದೆ. ಅವಳು ಕುರ್ಚಿ ನನ್ನ ಕಡೆ ಎಳೆದುಕೊಂಡಳು. ನಾನು ಹೇಳತೊಡಗಿದೆ.